ಹಳೆಯ ಕಂಬಳಿಯ ಹಂಗು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಆರ್.ಸಿ.ಸಿ. ಮನೆಗಳನ್ನು ಕಟ್ಟಿಸುವ ಕಾರ್ಯ ಕೆಲವು ದಶಕಗಳಿಂದ ಭರದಿಂದ ನಡೆದಿದೆ. ಇದು ಸಂತೋಷದ ಸಂಗತಿಯೇ. ಸೋರುವ ಮಾಳಿಗೆಯ ಕೆಳಗೆ ಪಾತ್ರೆಗಳನ್ನಿಟ್ಟು ಮಳೆಗಾಲದ ರಾತ್ರಿಗಳನ್ನು ಕಳೆದವರಾರೂ ಇದನ್ನು ಆಕ್ಷೇಪಿಸಲಾರರು. ಆದರೆ ಗೃಹಪ್ರವೇಶಕ್ಕೆ ಮುನ್ನ ಹಳೆಯ ಮನೆಯಿಂದ ತಿಪ್ಪೆಗೆ ಹೋಗುವ ವಸ್ತುಗಳಾವುವು ಎಂಬುದನ್ನು ಯಾರಾದರೂ ಗಮನಿಸಿದ್ದುಂಟೆ? ಪಡಸಾಲೆಯ ಗೂಟಕ್ಕೆ ತೂಗುಬಿದ್ದ ಕರಿಯ ಕಂಬಳಿ, ಅದರ ಮಗ್ಗುಲಲ್ಲಿ ಒರಗಿದ ಬಿದಿರಿನ ಬಡಿಗೆ, ಹೊಲಿಗೆ ಬಿಚ್ಚಿದ ಕೆರಗಳು, ಬುತ್ತಿಯ ಕಲೆ ಅಂಟಿದ ಬಗಲಚೀಲ. ಇವೇ ಮೊದಲು ಹೊರಬೀಳುವಂಥವು. ಹಿತ್ತಾಳೆಯ ಕೊಡ, ತಾಮ್ರದ ಹಂಡೆಗಳಿಗೆ ತೂಕಕ್ಕಾದರೂ ಬೆಲೆ ಬರುವುದರಿಂದ ಅವು ಉಳಿದುಕೊಳ್ಳುತ್ತವೆ. ಹೊರಗಿನ ಬದುಕಿನಲ್ಲಿ ಮನುಷ್ಯನೊಡನೆ ಮಳೆ, ಬಿಸಿಲು, ಧೂಳುಗಳನ್ನು ಹಂಚಿಕೊಂಡ ಪರಿಕರಗಳಿಗೆ ತಕ್ಕಡಿಯಲ್ಲಿ ಬೆಲೆಯಿಲ್ಲ. ಹೊಸ ಮನೆಯ ಗೋಡೆಯಲ್ಲಿ ಗೂಟವೇ ಇರುವುದಿಲ್ಲವೆಂಬುದು ಬೇರೆಯ ಮಾತು.

ಇಂಥ ಸಂದರ್ಭದಲ್ಲಿ ಮನೆಯ ಹಿರಿಯರೊಬ್ಬರು ಮಾತ್ರ ಅಡ್ಡ ಬರುವರು. “ಇರ್ಲಿ ಬಿಡೋ ತಮ್ಮಾ, ಭಾಳ ದಿನ ನನ್ನ ಕೂಡ ತಿರಗ್ಯಾದ” ಎಂಬುದು ಅವರ ವಾದದ ಸರ್ವಸ್ವ. ಮಕ್ಕಳು ನಕ್ಕು ಹೊಸ ರಗ್ಗನ್ನು ತೋರಿಸುವರು. ವಿದ್ಯಾವಂತರಾದ ಮೊಮ್ಮಕ್ಕಳು ಇದಕ್ಕೆ ‘ಸೆಂಟಿಮೆಂಟು’ ಎಂದು ಹೆಸರಿಡುವರು. ಸ್ವಲ್ಪ ಶಾಸ್ತ್ರ ಬಲ್ಲವರಾದರೆ ‘ವ್ಯಾಮೋಹ’ ಎನ್ನುವರು. ಮಣ್ಣಾಗುವ ಮೈಗೇ ಅಂಟಿಕೊಳ್ಳಬಾರದೆಂದು ಹೇಳುವ ಧರ್ಮದಲ್ಲಿ ಹರಕು ಕಂಬಳಿಗೆ ಅಂಟಿಕೊಳ್ಳುವುದು ತರವೇ ಎಂದು ಪ್ರಶ್ನಿಸುವರು. ಪ್ರಶ್ನೆ ಗಂಭೀರವಾದುದೇ. ನಗುವವರ ವಿಚಾರ ಹಾಗಿರಲಿ, ಈ ಎರಡನೆಯವರ ಆಕ್ಷೇಪಕ್ಕೆ ಉತ್ತರ ಕೊಡಬೇಕಾದುದು ಅವಶ್ಯ.

ಮೋಹವೆಂಬುದು ‘ಮುಹ್’ ಧಾತುವಿನಿಂದ ಹುಟ್ಟಿದ ಪದ. ಮಂಕು ಕವಿಯುವುದು, ವಿವೇಕ ತಪ್ಪುವುದು ಅದರ ಅರ್ಥ. ಇಲ್ಲದುದನ್ನು ಉಂಟೆಂದು ಕಾಣುವ ಸ್ಥಿತಿಯದು. ಹಳೆಯ ಕಂಬಳಿಯನ್ನು ಬಿಡಲೊಲ್ಲದ ಮುದುಕನಿಗೆ ಅಂಥ ಮಂಕು ಕವಿದಿದೆಯೆ? ಆ ಕಂಬಳಿಯಲ್ಲಿ ಎಷ್ಟು ತೂತುಗಳಿವೆ, ಯಾವ ಅಂಚು ಸವೆದಿದೆ, ಯಾವ ಮೂಲೆಯನ್ನು ಇಲಿ ಕಡಿದಿದೆ ಎಂಬುದು ಆತನಿಗೆ ಅಂಗೈ ರೇಖೆಯಂತೆ ಗೊತ್ತು. ಅದರ ದೋಷಗಳನ್ನು ಅವನಷ್ಟು ಬಲ್ಲವರು ಬೇರೊಬ್ಬರಿಲ್ಲ. ಇನ್ನು ‘ಮಮತೆ’ ಎಂದರೆ ‘ನನ್ನದು’ ಎಂಬ ಭಾವ. ಅದು ಇಲ್ಲಿ ಇಲ್ಲವೆನ್ನಲಾಗದು. ಆದರೆ ಅದಕ್ಕಿಂತ ಹತ್ತಿರದ ಮಾತೊಂದು ಕನ್ನಡದಲ್ಲಿಯೇ ಇದೆ. ‘ಬಳಸು’ ಎಂದರೆ ಉಪಯೋಗಿಸು. ‘ಬಳಸು’ ಎಂದರೆ ಸುತ್ತುವರಿ, ತೋಳಿನಿಂದ ಬಳಸಿ ಅಪ್ಪಿಕೊ. ಎರಡರ ಬೇರೂ ಒಂದೆಯೋ ಅಲ್ಲವೋ ಎಂಬ ಚರ್ಚೆ ವೈಯಾಕರಣರ ಪಾಲಿಗಿರಲಿ. ಇಂದಿನ ಕನ್ನಡದಲ್ಲಂತೂ ಎರಡಕ್ಕೂ ರೂಪವೊಂದೇ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಿಂದ ಹೊರಟ ‘ಕವಿರಾಜಮಾರ್ಗ’ವು ಈ ನಾಡಿನ ಓದುಬಾರದ ಜನರ ಮಾತಿನ ಬಲ್ಮೆಯನ್ನು ಕೊಂಡಾಡಿತು. ಬಳಕೆಗೂ ಅಪ್ಪುಗೆಗೂ ಒಂದೇ ನುಡಿಯನ್ನು ನಾಲಗೆಯಲ್ಲಿ ಆಡಿಸುತ್ತಿರುವ ಜನಕ್ಕೆ ಆ ಹೊಗಳಿಕೆ ಸಲ್ಲತಕ್ಕದ್ದೇ. ಬಳಸಿ ಬಳಸಿ ಹತ್ತಿರವಾದುದು ಕಂಬಳಿ. ಕೊಂಡ ದಿನ ಅದರ ಮೇಲೆ ಯಾರಿಗೂ ಅಂಥ ಪ್ರೀತಿ ಇರುವುದಿಲ್ಲ.

ಇರಲೂ ಸಾಧ್ಯವಿಲ್ಲ. ಏಕೆಂದರೆ ಹೊಸ ಕಂಬಳಿ ಒರಟೊರಟು, ಮೈಗೆ ಚುಚ್ಚುವಂಥದು. ದಖನಿ ಕುರಿಯ ಕರಿಯ ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ಹಾಸು ಮಾಡಿ, ಕುಣಿಮಗ್ಗದಲ್ಲಿ ನೇಯುವುದು ಕುರುಬರ ಪದ್ಧತಿ. ಗಂಜಿಯ ಬಿರುಸು ಇಳಿಯುವವರೆಗೆ ಅದು ಹಲಗೆಯಂತೆ ನಿಲ್ಲುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಗಂಜಿ ತೊಳೆದುಹೋಗಿ, ನೂಲು ಮೆತ್ತಗಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಕ್ರಿಯೆಯೂ ಒಳಗೊಳಗೇ ನಡೆದಿರುತ್ತದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಸೂಕ್ಷ್ಮವಾದ ಪದರುಗಳಿರುತ್ತವೆ. ತೇವ ಮತ್ತು ತಿಕ್ಕಾಟ ಸೇರಿದಾಗ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನೇಯ್ಗೆಯ ಕಂಡಿಗಳು ಮುಚ್ಚುತ್ತವೆ. ಹೆಗಲ ಮೇಲೆ ಹೊತ್ತು, ನೆಲಕ್ಕೆ ಹಾಸಿ, ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿದ ಕಂಬಳಿಯೇ ಮಳೆಯನ್ನು ಚೆನ್ನಾಗಿ ತಡೆಯುವುದು. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು. ಹಾಗೆ ಹೀರುವಾಗ ತುಸು ಕಾವನ್ನೂ ಕೊಡುತ್ತದೆ. ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳದೆ ಕರಕಾಗಿ ಆರುತ್ತದೆ. ಬೆಂಕಿಯ ಮುಂದೆ ಕುಳಿತು ರಾತ್ರಿಯೆಲ್ಲ ಕುರಿ ಕಾಯುವವನಿಗೆ ಇದು ಸಣ್ಣ ಲಾಭವಲ್ಲ. ನೈಲಾನು ರಗ್ಗು ಹೊದ್ದು ಒಲೆಯ ಮುಂದೆ ಕುಳಿತವರಿಗೆ ಇದರ ಬೆಲೆ ತಿಳಿದೀತು.

ಆದುದರಿಂದ ಮುದುಕನ ಹಟದಲ್ಲಿ ಅರ್ಧ ಭಾವ, ಅರ್ಧ ಬುದ್ಧಿ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ತೊಡಗುವುದೆಂದು ಬೇರ್ಪಡಿಸುವುದು ಕಷ್ಟ. ತೊಗರಿ ಕಾಯಿಗಟ್ಟುವ ಹೊತ್ತಿಗೆ ಹೊಲ ಕಾಯಲು ಹೋಗುವವನ ಮೈಮೇಲೆ ಅದು ಕೊಪ್ಪೆ, ಕಣದಲ್ಲಿ ಹಾಸಿಗೆ, ಸಂತೆಯಿಂದ ಬರುವಾಗ ಗಂಟು, ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದು ಬಂಧುಬಳಗದವರೆಲ್ಲ ಸಜ್ಜೆರೊಟ್ಟಿ, ಭಜ್ಜಿಪಲ್ಯ ಉಣ್ಣಲು ಕೂಡುವ ಚಾಪೆಯೂ ಅದೇ. ಇಂದು ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ; 2019ರಲ್ಲಿ ಅದು ಬಂದಾಗ ಜಿಲ್ಲೆಯೆಲ್ಲ ಹಿಗ್ಗಿತು. ಆ ತೊಗರಿಯನ್ನು ಮಾಗಿಯ ಚಳಿಯಲ್ಲಿ ಕಾದವನ ಹೆಗಲ ಮೇಲಿದ್ದುದನ್ನು ನೆನೆದವರು ಕಡಿಮೆ. 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾದ ಚಿಂಚೋಳಿಯ ಕಾಡಿನಂಚಿನ ಹಳ್ಳಿಗಳಲ್ಲಿ ಈಗಲೂ ಅಲ್ಲೊಬ್ಬ ಇಲ್ಲೊಬ್ಬ ಹಿರಿಯರ ಹೆಗಲಲ್ಲಿ ಅದು ಕಾಣುತ್ತದೆ. ಗಡಿಯಾಚೆಗೆ ತೆಲುಗು ಸೀಮೆಯಲ್ಲಿ ಅದನ್ನೇ ಗೊಂಗಡಿ ಎನ್ನುವರು. ಹೆಸರು ಬೇರೆ, ಕುರಿ ಒಂದೇ.

ಇಂಥ ಭಾವ ಕುರಿಗಾಹಿಗೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. 1952ರಲ್ಲಿ ಸ್ವಿಟ್ಜರ್ಲೆಂಡಿನ ಪರ್ವತಾರೋಹಿ ರೇಮಂಡ್ ಲ್ಯಾಂಬರ್ಟನೊಡನೆ ಎವರೆಸ್ಟ್ ಶಿಖರದ ಸಮೀಪದವರೆಗೆ ಹೋಗಿ ಹಿಂತಿರುಗಿದ ತೇನ್‌ಸಿಂಗ್ ನೋರ್ಗೆಗೆ ಆ ಸಂಗಾತಿ ತನ್ನ ಕೆಂಪು ಕೊರಳವಸ್ತ್ರವನ್ನು ಕೊಟ್ಟಿದ್ದನು. ಮರುವರ್ಷ ಮೇ 29ರಂದು ಹಿಲರಿಯೊಡನೆ ಶಿಖರವನ್ನೇರಿದಾಗ ತೇನ್‌ಸಿಂಗನ ಕೊರಳಲ್ಲಿ ಅದೇ ವಸ್ತ್ರವಿದ್ದಿತು. ಹೊಸ ವಸ್ತ್ರ ಅವನಿಗೆ ಸಿಕ್ಕುತ್ತಿರಲಿಲ್ಲವೆಂದಲ್ಲ. ಹಿಂದಿನ ವರ್ಷ ಗೆಲ್ಲಲಾಗದೆ ಹಿಂತಿರುಗಿದ ಗೆಳೆಯನನ್ನೂ ತುದಿಗೆ ಕರೆದೊಯ್ಯಲು ಅವನಿಗೆ ಬೇರೆ ಉಪಾಯ ತೋಚದಿರಬಹುದು.

ಈಗ ಆಕ್ಷೇಪದ ಎರಡನೆಯ ಮುಖ. ಶರಣಧರ್ಮಕ್ಕೂ ಈ ಅಂಟಿಗೂ ಹೇಗೆ ಸರಿಹೊಂದೀತು? ನುಲಿಯ ಚಂದಯ್ಯನ ಪ್ರಸಂಗವನ್ನು ಶೂನ್ಯಸಂಪಾದನೆ ಬಲ್ಲವರೆಲ್ಲ ಬಲ್ಲರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿದರೂ ಆತ ಹುಡುಕುತ್ತ ನಿಲ್ಲದೆ ಕಾಯಕಕ್ಕೆ ನಡೆದನು. ಲಿಂಗವೇ ಅವನ ಬೆನ್ನು ಹತ್ತಬೇಕಾಯಿತು. ಲಿಂಗವನ್ನೇ ಹಿಂದೆ ಬಿಟ್ಟು ನಡೆದವನು ಕುಡುಗೋಲನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಅದು ಕುಡುಗೋಲಿನ ಮೇಲಿನ ಮೋಹವೆಂದು ಯಾರೂ ವ್ಯಾಖ್ಯಾನಿಸಿಲ್ಲ. ಕಾಯಕನಿಷ್ಠೆಯೆಂದೇ ಎಲ್ಲರೂ ತಿಳಿದಿದ್ದಾರೆ. ಇನ್ನೊಂದು ಕಡೆ ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಶರಣರು ಭಯಪಟ್ಟದ್ದು ‘ಇನ್ನಷ್ಟು’ ಎಂಬುದಕ್ಕೆ. ಕಪಾಟಿನಲ್ಲಿ ಐದು ರಗ್ಗುಗಳಿದ್ದೂ ಆರನೆಯದನ್ನು ತರುವವನು ಗೂಟದ ಮೇಲಿನ ಒಂದೇ ಕಂಬಳಿಯನ್ನು ನೆಚ್ಚಿದವನಿಗೆ ಅಸಂಗ್ರಹದ ಪಾಠ ಹೇಳುವುದು ವಿಚಿತ್ರವಾಗಿ ಕಾಣುತ್ತದೆ.

ಮಠಗಳ ಪರಂಪರೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಹೋಳಿಹುಣ್ಣಿಮೆಯ ನಂತರ ಜರುಗುವ ಕಲಬುರಗಿ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರಿಗೆ ಮುನ್ನ ಪೀಠಾಧಿಪತಿಗಳು ಪರುಷಬಟ್ಟಲನ್ನು ಎತ್ತಿ ತೋರಿಸುವಾಗ ಸಹಸ್ರಾರು ಜನ ಬಿಸಿಲಲ್ಲಿ ನಿಂತು ಕೈಮುಗಿಯುವರು. ದಾಸೋಹಕ್ಕೆ ಹೆಸರಾದ ಒಬ್ಬ ಒಕ್ಕಲಿಗ ಶರಣನ ಕೈ ಮುಟ್ಟಿದುದೆಂಬುದೇ ಅದರ ಮಹಿಮೆ. ಅನೇಕ ಮಠಗಳಲ್ಲಿ ಹಿಂದಿನ ಗುರುಗಳ ಹಾವಿಗೆ, ಬೆತ್ತ, ಜೋಳಿಗೆಗಳಿಗೆ ಗದ್ದುಗೆಯ ಮುಂದೆ ಸ್ಥಾನವಿದೆ. ಇವೆಲ್ಲ ದಾರಿ ನಡೆದ ವಸ್ತುಗಳು. ಈ ಭಾಗದ ಎಷ್ಟೋ ಮಠದ ಶಾಲೆಗಳು ಜೋಳಿಗೆಯಿಂದಲೇ ಹುಟ್ಟಿದುವು. ಸ್ವಾಮಿಗಳು ಊರೂರು ತಿರುಗಿ, ಸೇರು ಜೋಳವನ್ನೂ ರೂಪಾಯಿಯನ್ನೂ ಒಂದೇ ಜೋಳಿಗೆಯಲ್ಲಿ ಕೂಡಿಸಿ ತಂದು ಗೋಡೆ ಎಬ್ಬಿಸಿದರು. ದಾನಿಗಳ ಹೆಸರು ಕಲ್ಲಿನಲ್ಲಿ ಕೊರೆದಿರುತ್ತದೆ, ಅದು ಯೋಗ್ಯವೇ. ಜೋಳಿಗೆಯ ಹರಿದ ಮೂಲೆಗೆ ತೇಪೆ ಹಾಕಿದವರು ಯಾರೆಂಬುದು ಎಲ್ಲಿಯೂ ಬರೆದಿರುವುದಿಲ್ಲ.

ಆದರೆ ಜೋಳಿಗೆಯ ವಿಷಯದಲ್ಲಿ ಇನ್ನೊಂದು ನಿದರ್ಶನ ಹೆಚ್ಚು ಮಹತ್ತ್ವದ್ದು. ಇಳಕಲ್ಲಿನ ಚಿತ್ತರಗಿ ಪೀಠದ ಡಾ. ಮಹಾಂತಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟಾಗ ಬೇಡಿದ್ದು ಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ತಂಬಾಕುಗಳನ್ನು ಬಿಟ್ಟೆವೆಂದು ಜನ ಆ ಜೋಳಿಗೆಗೆ ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ‘ಮಹಾಂತ ಜೋಳಿಗೆ’ ಎಂಬ ಹೆಸರು ನಿಂತಿದೆ. ಹಳೆಯ ಪರಿಕರವನ್ನು ಗೌರವಿಸಿದ ರೀತಿಯೆಂದರೆ ಇದು. ಅವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ. ಅದಕ್ಕೆ ಹೊಸ ಕೆಲಸ ಕೊಟ್ಟರು.

ಈಗೀಗ ಶಾಲೆಗಳಲ್ಲಿಯೂ ಸಭಾಭವನಗಳಲ್ಲಿಯೂ ಹಳೆಯ ನೇಗಿಲು, ಕೂರಿಗೆ, ಕಂಬಳಿಗಳನ್ನು ಗೋಡೆಗೆ ತೂಗಿ ‘ಗ್ರಾಮೀಣ ಸಂಸ್ಕೃತಿ’ ಎಂದು ಫಲಕ ಬರೆಯಿಸುವ ರೂಢಿ ಬೆಳೆದಿದೆ. ಉದ್ದೇಶ ಒಳ್ಳೆಯದಾದರೂ ಅಲ್ಲಿ ಕಂಬಳಿಯ ಗತಿ ಶೋಚನೀಯ. ಹೆಗಲು ಕಾಣದ ಉಣ್ಣೆಗೆ ನುಸಿ ಹತ್ತುತ್ತದೆ. ಎರಡು ವರ್ಷಗಳಲ್ಲಿ ಅದು ಜರಡಿಯಾಗಿ, ಫಲಕ ಮಾತ್ರ ಹೊಳೆಯುತ್ತಿರುತ್ತದೆ. ಬಳಸದ ಕಂಬಳಿ ಬಳಸಿದ ಕಂಬಳಿಗಿಂತ ಬೇಗ ಹಾಳಾಗುವುದೆಂಬುದು ಆ ಫಲಕ ಬರೆಯಿಸಿದವರಿಗೆ ತಿಳಿದಿರಲಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತೊಂದನ್ನು ಆಡದಿದ್ದರೆ ಅನ್ಯಾಯವಾದೀತು. ಹಳೆಯ ಪರಿಕರದ ಪ್ರೀತಿಯನ್ನು ಹೊಗಳುವುದು ಸುಲಭ. ಬಡತನದಿಂದ ಹಳೆಯದನ್ನೇ ಹಿಡಿದಿರುವವನನ್ನು ಹೊಗಳುವುದು ಪಾಪ. ಶಹಾಬಾದದ ಫರಸಿಕಲ್ಲಿನ ಗಣಿಗಳನ್ನು ನೋಡಿದವರಿಗೆ ಈ ಭೇದ ಸ್ಪಷ್ಟವಾಗುತ್ತದೆ. ಆ ಸುಣ್ಣಕಲ್ಲು ಭೂಮಿಯಲ್ಲಿ ಪದರು ಪದರಾಗಿ ಮಲಗಿದೆ. ಹಾರೆ, ಉಳಿ, ಸುತ್ತಿಗೆಗಳಿಂದ ಪದರನ್ನು ಎಬ್ಬಿಸಿ, ಗೆರೆ ಹಿಡಿದು ಒಡೆದ ಹಾಸುಗಲ್ಲುಗಳು ದೇಶದ ಎಷ್ಟೋ ಮನೆ, ಶಾಲೆ, ರೈಲುನಿಲ್ದಾಣಗಳ ನೆಲವಾಗಿವೆ. ಉಳಿಯ ಮೊನೆ ಮೊಂಡಾದಾಗ ಕಮ್ಮಾರನ ಕುಲುಮೆಗೆ ಹೋಗುತ್ತದೆ; ಕಾಯಿಸಿ, ಬಡಿದು, ನೀರಿಗದ್ದಿ ಮತ್ತೆ ಹರಿತಗೊಳಿಸುವರು. ಹೀಗೆ ವರ್ಷ ವರ್ಷ ಕುಗ್ಗುತ್ತ ಮೊಳದುದ್ದದ ಉಳಿ ಗೇಣಾಗುತ್ತದೆ. ಸುತ್ತಿಗೆಯ ಕಾವು ಮುರಿದರೆ ಹೊಸ ಕಾವು. ತಲೆ ಮಾತ್ರ ಅದೇ. ಅಂಥ ಗೇಣುದ್ದದ ಉಳಿಯನ್ನು ಕಲ್ಲುಕುಟಿಗನು ಮಗನ ಕೈಗೂ ಕೊಡದೆ ಸೊಂಟದಲ್ಲಿ ಸಿಕ್ಕಿಸಿಕೊಂಡರೆ ಅದು ಬಳಕೆಯಿಂದ ಬಂದ ಪ್ರೀತಿ. ಕಾದ ಕಲ್ಲಿನ ಮೇಲೆ ತೂತುಬಿದ್ದ ಚಪ್ಪಲಿಯಲ್ಲಿ ನಿಂತಿರುವುದು ಪ್ರೀತಿಯಲ್ಲ, ನಿರುಪಾಯ. ಉಳಿಯನ್ನು ಕಂಡು ಕಣ್ಣು ತುಂಬಿಕೊಳ್ಳುವವರು ಚಪ್ಪಲಿಯನ್ನೂ ನೋಡಬೇಕು. ಫ್ಯಾನಿನ ಕೆಳಗೆ ಕುಳಿತು ಸರಳಜೀವನದ ಸೊಬಗನ್ನು ಬಣ್ಣಿಸುವ ಉಪನ್ಯಾಸಗಳಿಗೆ ಕೊರತೆಯೇನೂ ಇಲ್ಲ.

1874ರಲ್ಲಿ ನಿಜಾಮರ ಸಂಸ್ಥಾನದ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿತು. ಅಂದಿನಿಂದ ಇಂದಿನವರೆಗೂ ಹಳಿ ಕಾಯುವವರು ಮಳೆಗಾಲದ ರಾತ್ರಿಗಳಲ್ಲಿ ದೀಪ ಹಿಡಿದು ಮೈಲುಗಟ್ಟಲೆ ನಡೆಯುತ್ತ ಬಂದಿದ್ದಾರೆ. ಅವರ ಪರಿಕರ ಸರಕಾರದ್ದು. ಕೆಲಸಕ್ಕೆ ಬಾರದಾದಾಗ ‘ನಿರುಪಯುಕ್ತ’ವೆಂದು ಬರೆದು ಉಗ್ರಾಣಕ್ಕೆ ಒಪ್ಪಿಸಿ ಹೊಸದನ್ನು ಪಡೆಯುವ ನಿಯಮವಿದೆ. ಭಾವುಕರಿಗೆ ಇದು ನೀರಸವೆನಿಸಬಹುದು. ಆದರೆ ಆ ನಿಯಮದಲ್ಲಿ ಕೆಲಸಗಾರನ ಮೇಲಿನ ಒಂದು ಬಗೆಯ ಕಾಳಜಿಯೂ ಅಡಗಿದೆ. ಹಳೆಯದನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ಹೊಸದನ್ನು ಪಡೆಯಬಲ್ಲವನಿಗೆ ಮಾತ್ರ ಉಂಟು. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವವರ ಗಂಟಿನಲ್ಲಿ ಹಳೆಯ ಸೀರೆಗಳ ಕೌದಿ ಇರುತ್ತದೆ. ಅದು ತಾಯಿ ಹೊಲಿದುದೆಂಬ ಅಕ್ಕರೆಯೋ, ಬೇರೊಂದು ಇಲ್ಲವೆಂಬ ಕೊರತೆಯೋ, ಗಂಟು ಬಿಚ್ಚಿದವರೇ ಹೇಳಬೇಕು.

ಅದಕ್ಕಾಗಿಯೇ ಚಳಿಗಾಲದಲ್ಲಿ ಹೊದಿಕೆ ಹಂಚುವ ದಾನಿಗಳ ಕಾರ್ಯವನ್ನು ಹಳಿಯುವುದು ಸಲ್ಲದು. ಆದರೆ ಏನನ್ನು ಹಂಚಬೇಕೆಂಬುದನ್ನು ಕುರಿತು ಒಂದು ವಿಜ್ಞಾಪನೆ ಉಂಟು. ದೂರದ ಗಿರಣಿಯ ಪಾಲಿಯೆಸ್ಟರ್ ರಗ್ಗುಗಳು ಅಗ್ಗವೆಂದು ಗಂಟುಗಟ್ಟಲೆ ತರಿಸುವರು. ಅವು ಒಂದೆರಡು ಚಳಿಗಾಲದಲ್ಲಿ ಗುಂಡುಗುಂಡಾಗಿ ಎದ್ದು, ದನದ ಕೊಟ್ಟಿಗೆಗೆ ಸೇರುವುವು. ಅವಕ್ಕೆ ಹಳತಾಗುವ ಯೋಗವೇ ಇಲ್ಲ. ಹೊಸತಾಗಿದ್ದು ನೇರವಾಗಿ ಕಸವಾಗುತ್ತವೆ. ಇತ್ತ ದಖನಿ ಕುರಿಯ ಉಣ್ಣೆಗೆ ಗಿರಾಕಿಗಳಿಲ್ಲದೆ ಅದನ್ನು ಬಿಸುಡುವ ಕಾಲ ಬಂದಿದೆ. ಉಣ್ಣೆಗೆ ಬೆಲೆ ಸಿಕ್ಕದಿರುವಾಗ ಕತ್ತರಿಸುವವನಿಗೆ ಕೂಲಿ ಕೊಡುವುದೂ ಕುರಿಗಾಹಿಗೆ ಭಾರ. ಮಾಂಸಕ್ಕೆ ಬೆಲೆ ಇರುವುದರಿಂದ ಉಣ್ಣೆಯಿಲ್ಲದ ದೊಡ್ಡ ಮೈಯ ತಳಿಗಳ ಟಗರುಗಳನ್ನು ಹಿಂಡಿಗೆ ಬಿಡುವರು. ಮರಿಗಳ ಮೈಮೇಲೆ ಉಣ್ಣೆ ಕಡಿಮೆಯಾಗುತ್ತದೆ. ಹಿಂಡಿನಿಂದ ಉಣ್ಣೆ ಹೋದರೆ ನೂಲುವ ಮುದುಕಿಯರ ಕೈ ನಿಲ್ಲುತ್ತದೆ, ಮಗ್ಗದ ಕುಣಿ ಮುಚ್ಚುತ್ತದೆ. ಆಗ ಹಳೆಯ ಕಂಬಳಿಯ ತೂತಿಗೆ ಹಾಕಲು ಅದೇ ಬಣ್ಣದ ಎಳೆಯೂ ಸಿಕ್ಕದು. ಗೂಟದ ಮೇಲಿನ ಕಂಬಳಿಯನ್ನು ಉಳಿಸುವ ಮಾತು ಕಡೆಗೆ ಅಡವಿಯಲ್ಲಿ ಮೇಯುವ ಕುರಿಯವರೆಗೆ ಮುಟ್ಟುತ್ತದೆ.

ಮಠದ ವಿದ್ಯಾಸಂಸ್ಥೆಗಳು ಈ ದಿಸೆಯಲ್ಲಿ ಮಾಡಬಹುದಾದುದು ಕಷ್ಟದ್ದೇನಲ್ಲ. ಪ್ರಸಾದನಿಲಯದ ಮಕ್ಕಳಿಗೆ ಹೊದಿಕೆ ಕೊಡಿಸುವ ದಾನಿಗಳು ಈ ನಾಲ್ಕೈದು ತಾಲೂಕುಗಳಲ್ಲಿ ಮಗ್ಗ ಉಳಿಸಿಕೊಂಡಿರುವ ಕುರುಬರಿಂದಲೇ ಕಂಬಳಿ ಕೊಳ್ಳಲಿ. ರಗ್ಗಿಗಿಂತ ಬೆಲೆ ಹೆಚ್ಚೆಂಬುದು ನಿಜ. ಆದರೆ ಐದನೆಯ ತರಗತಿಗೆ ಸೇರಿದ ಬಾಲಕನ ಕೈಗೆ ಕೊಟ್ಟ ಕಂಬಳಿ ಅವನು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಮೆತ್ತಗಾಗಿರುತ್ತದೆ, ಹೊರಡುವಾಗ ಅವನೊಡನೆ ಹೊರಡುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಕಂಬಳಿಯನ್ನು ಶಾಲೆಗೆ ಕಾಣಿಕೆ ಕೊಡುವುದಾದರೆ ಗೋಡೆಗೆ ಕೊಡದೆ ಕಾವಲುಗಾರನ ಹೆಗಲಿಗೆ ಕೊಡಲಿ. ಆತನಿಗೆ ಹೊಸದು ಬೇಕೆಂದರೆ ಹೊಸದನ್ನೇ ಕೊಡಬೇಕು. ಹಳೆಯದರ ಮಹಿಮೆಯನ್ನು ಅವನಿಗೆ ಉಪದೇಶಿಸತಕ್ಕದ್ದಲ್ಲ. ಎಳ್ಳಮಾವಾಸ್ಯೆಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವ ಶಿಕ್ಷಕರು ಪ್ಲಾಸ್ಟಿಕ್ ತಾಡಪತ್ರಿಯನ್ನು ಬಿಟ್ಟು ಮನೆಮನೆಯ ಕಂಬಳಿಗಳನ್ನು ತರಿಸಿ ಹಾಸಲಿ. ಅಜ್ಜನ ಕಂಬಳಿಯ ಮೇಲೆ ಕುಳಿತು ಉಂಡ ಹುಡುಗನು ಅದರ ಕಥೆಯನ್ನು ಕೇಳದೆ ಬಿಡುವುದಿಲ್ಲ.

ಪ್ರಸಾದನಿಲಯದ ಮೇಲ್ವಿಚಾರಕರಿಗೆ ಒಂದು ಮಾತು. ಕಂಬಳಿಯನ್ನು ಸೋಡಾ ಪುಡಿಯಲ್ಲಿ ಕುದಿಸಿ ಒಗೆಯಿಸಬಾರದು; ಉಣ್ಣೆಯ ಜಿಡ್ಡು ಹೋದರೆ ಅದು ಮಳೆಗೆ ಆಗದು, ಮುದುಡಿ ಗಿಡ್ಡವೂ ಆಗುತ್ತದೆ. ವಾರಕ್ಕೊಮ್ಮೆ ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಬೇಸಗೆಯಲ್ಲಿ ಮಡಿಚಿಡುವಾಗ ನಡುವೆ ಒಣಗಿದ ಬೇವಿನ ಸೊಪ್ಪು ಇಟ್ಟರೆ ಸಾಕು. ತೂತು ಬೆರಳು ಹೋಗುವಷ್ಟಾಗುವುದಕ್ಕೆ ಮೊದಲೇ ನೇಯುವವರ ಬಳಿ ಕಳಿಸಬೇಕು.